ಏನೂ ಮಾಡಲ್ಲ, ಬನ್ನಿ

ನಾಯಿ ಸಾಕಿದವರು ದಿನಕ್ಕೊಂದು ಸಲವಾದರೂ ಹೇಳುವ ಮಾತೊಂದಿದೆ: ‘ಏನೂ ಮಾಡಲ್ಲ, ಬನ್ನಿ.’ ಗೇಟಿನ ಆಚೆ ಕೊರಿಯರ್ ಹುಡುಗ ಒಂದು ಕಾಲು ಬೈಕಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ನಿಂತಿರುತ್ತಾನೆ. ಈಚೆ ನಾಯಿ ಎರಡೂ ಮುಂಗಾಲಲ್ಲಿ ಗೇಟಿನ ಸರಳುಗಳನ್ನು ಬಾರಿಸುತ್ತಿರುತ್ತದೆ. ನಡುವೆ ನಾವು ನಿಂತು, ಹಲ್ಲು ಕಿರಿದು, ‘ಏನೂ ಮಾಡಲ್ಲ, ಬನ್ನಿ’ ಅನ್ನುತ್ತೇವೆ. ವ್ಯಾಕರಣ ಬಲ್ಲವರು ಗಮನಿಸಬೇಕು, ಈ ವಾಕ್ಯದಲ್ಲಿ ಕರ್ತೃಪದವನ್ನು ಬೇಕೆಂದೇ ನುಂಗಿಕೊಂಡಿರುತ್ತೇವೆ. ಯಾರು ಏನೂ ಮಾಡಲ್ಲ? ನಾಯಿಯೋ, ನಾವೋ? ನನ್ನ ಅನುಭವದಲ್ಲಿ ಎರಡನೆಯದೇ ನಿಜ. ನಾಯಿ ಏನಾದರೂ ಮಾಡಿಯೇ ಮಾಡುತ್ತದೆ. ಏನೂ ಮಾಡದೆ ನಿಲ್ಲುವವರು ನಾವು.

ನಮ್ಮದು ಲ್ಯಾಬ್ರಡಾರ್. ಬೆಂಗಳೂರಿನಲ್ಲಿರುವ ಮಗ ನಲವತ್ತು ದಿನದ ಮರಿ ತಂದು, ಆರು ತಿಂಗಳು ಫ್ಲಾಟಿನಲ್ಲಿ ಸಾಕಿ, ಸೋಫಾದ ಒಂದು ಕೈ ಪೂರ್ತಿ ಅದರ ಹೊಟ್ಟೆಗೆ ಹೋದಮೇಲೆ, ‘ರಿಟೈರ್ ಆಗಿದೀರಿ, ನಿಮಗೂ ಟೈಂಪಾಸ್ ಬೇಕಲ್ಲ ಅಪ್ಪಾಜಿ’ ಎಂದು ಚಿತ್ರದುರ್ಗಕ್ಕೆ ತಂದುಬಿಟ್ಟ. ಬಾಸ್ಕೋ ಎಂದು ಹೆಸರಿಟ್ಟಿದ್ದ. ನಮ್ಮ ಹಾಲಿನವನ ಬಾಯಲ್ಲಿ ಅದು ಮೊದಲ ದಿನವೇ ‘ಬಸ್ಕಿ’ ಆಯಿತು. ಬೀದಿಯೂ ಅದನ್ನೇ ಹಿಡಿಯಿತು. ಅನ್ವರ್ಥನಾಮವೇ ಸರಿ: ನಾಯಿಯ ಹೆಸರು ಬಸ್ಕಿ, ಹೊಡೆಯುವವನು ನಾನು. ಒಮ್ಮೆ ಭೀಮಸಮುದ್ರಕ್ಕೆ ಹೋದಾಗ ಗೆಳೆಯನ ಅಡಿಕೆ ಮಂಡಿಯಲ್ಲಿ ಬಸ್ಕಿಯನ್ನು ತೂಕಕ್ಕೆ ನಿಲ್ಲಿಸಿದೆ. 31 ಕೆಜಿ 400 ಗ್ರಾಂ. ‘ಮಾಲು ಚೆನ್ನಾಗೈತೆ ಸಾರ್, ತೇವ ಸ್ವಲ್ಪ ಜಾಸ್ತಿ’ ಅಂದ ಹಮಾಲಿ, ಜೊಲ್ಲು ಬಿದ್ದ ತಕ್ಕಡಿ ಒರೆಸುತ್ತಾ.

ಆ ತೂಕದ ಸುದ್ದಿ ಇಡೀ ದುರ್ಗಕ್ಕೆ ಗೊತ್ತಿದ್ದರೂ ಬಸ್ಕಿಗೆ ಮಾತ್ರ ಗೊತ್ತಿಲ್ಲ. ಅವನ ಲೆಕ್ಕದಲ್ಲಿ ಅವನಿನ್ನೂ ನಲವತ್ತು ದಿನದ ಮರಿ.

ಬೆಳಗ್ಗೆ ಆರಕ್ಕೆ ನಮ್ಮ ಸವಾರಿ ಜೋಗಿಮಟ್ಟಿ ರಸ್ತೆಗೆ. ಸಕ್ಕರೆ ಕಾಯಿಲೆ ಇದ್ದವರು, ಬಂದೀತೆಂದು ಹೆದರಿದವರು, ಮನೆಯಲ್ಲಿ ಇರಲಾರದವರು ಎಲ್ಲರೂ ಅಲ್ಲಿ ಸಿಗುತ್ತಾರೆ. ಅಕ್ಕಪಕ್ಕ ಬಂಡೆ, ದೂರದ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ರೆಕ್ಕೆ, ರಸ್ತೆಯಲ್ಲಿ ನಮ್ಮ ಏದುಸಿರು. ಅಲ್ಲಿಗೇ ಬರುತ್ತಾರೆ ನಿವೃತ್ತ ಹೆಡ್‌ಮಿಸ್ಟ್ರೆಸ್ ಮೇಡಂ, ಚಿನ್ನು ಎಂಬ ಬಿಳಿ ಪಾಮೇರಿಯನ್ ಜೊತೆ. ಚಿನ್ನುವಿನ ತೂಕ ನಾಲ್ಕು ಕೆಜಿ, ಅದರಲ್ಲಿ ಅರ್ಧ ಕೂದಲು.

ಕಾರ್ತಿಕದ ಒಂದು ಬೆಳಗ್ಗೆ. ಇಬ್ಬನಿ ಇತ್ತು. ಚಿನ್ನುವನ್ನು ದೂರದಿಂದ ಕಂಡದ್ದೇ ಬಸ್ಕಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಬಾಲ ಬೀಸುತ್ತಾ ನಿಂತ. ದೇವರಿಗೆ ಅಡ್ಡಬಿದ್ದಂತೆ ಕಾಣುತ್ತದೆ, ನೋಡಿದವರಿಗೆ ಮುದ್ದು ಬರಬೇಕು. ನನಗೂ ಬಂತು. ‘ಏನೂ ಮಾಡಲ್ಲ ಮೇಡಂ, ಬನ್ನಿ’ ಎಂದೆ. ‘ಬನ್ನಿ’ ಮುಗಿಯುವುದರೊಳಗೆ ಬೆಲ್ಟು ನನ್ನ ಕೈಯಲ್ಲಿರಲಿಲ್ಲ. ಮೂವತ್ತೊಂದು ಕೆಜಿ ಓಡಿಬಂದು ನಾಲ್ಕು ಕೆಜಿಗೆ ಎದೆಕೊಟ್ಟು ಗುದ್ದಿತು. ಚಿನ್ನು ಎರಡು ಉರುಳು ಉರುಳಿತು, ಮೂರನೆಯದಕ್ಕೆ ಲಂಟಾನ ಪೊದೆ ಅಡ್ಡ ಬಂತು. ಬಸ್ಕಿ ಅದರ ಮೇಲೊಂದು ಪಂಜ ಊರಿ, ನಾಲಿಗೆ ಇಳಿಬಿಟ್ಟು, ನನ್ನ ಕಡೆ ತಿರುಗಿದ. ಸ್ಕೂಲ್ ಡೇಯಲ್ಲಿ ಬಹುಮಾನ ಹಿಡಿದ ಹುಡುಗ ಜನದ ನಡುವೆ ಅಮ್ಮನನ್ನು ಹುಡುಕುವ ನೋಟ ಅದು.

ರಕ್ತ ಬರಲಿಲ್ಲ, ಗಾಯ ಇರಲಿಲ್ಲ. ಮೇಡಂ ಚಿನ್ನುವನ್ನು ಎತ್ತಿ ಸ್ವೆಟರಿನೊಳಗೆ ಹಾಕಿಕೊಂಡರು. ಎರಡು ಗುಂಡಿಗಳ ನಡುವಿನಿಂದ ಕಪ್ಪು ಮೂಗೊಂದೇ ಹೊರಗಿತ್ತು. ಆ ಮೂಗು ನಡುಗುತ್ತಿತ್ತು.

‘ಆಟಕ್ಕೆ ಮಾಡೋದು ಮೇಡಂ, ಇನ್ನೂ ಮರಿಬುದ್ಧಿ’ ಎಂದೆ.

‘ಯಾರ ಆಟಕ್ಕೆ?’ ಎಂದರು ಅವರು. ಮೂವತ್ತೈದು ವರ್ಷ ಏಳನೇ ಕ್ಲಾಸಿಗೆ ಪಾಠ ಮಾಡಿದ ದನಿ ಅದು. ನಾನು ಬೆಂಚಿನ ಮೇಲೆ ನಿಲ್ಲಬೇಕೇನೋ ಎಂದು ಆಚೀಚೆ ನೋಡಿದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಸಾವಿರ ಸಲ ಹೇಳಿದ್ದೇನೆ, ಮೇಲಧಿಕಾರಿಗಳ ವಿಷಯದಲ್ಲಿ. ಆಗೆಲ್ಲ ಇಲಿ ನಾನೇ ಆಗಿದ್ದೆ. ಬೆಕ್ಕಿನ ಕಡೆಯ ವಕಾಲತ್ತು ವಹಿಸುವ ದಿನ ಬರುತ್ತದೆಂದು ತಿಳಿದಿರಲಿಲ್ಲ.

ಮನೆಗೆ ಬಂದು ಹೇಳಿದರೆ ಹೆಂಡತಿ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು: ‘ನಿಮ್ಮ ಹೊಸದುರ್ಗದ ಚಿಕ್ಕಪ್ಪನ ಥರಾನೇ ಇದೂ.’ ಅದು ಸುಳ್ಳಲ್ಲ. ನನ್ನ ಚಿಕ್ಕಪ್ಪ ಗರಡಿಯಾಳು. ಪ್ರೀತಿ ಉಕ್ಕಿದರೆ ಅವನು ಬೆನ್ನಿಗೆ ಹೊಡೆಯುತ್ತಿದ್ದ. ಪ್ರೀತಿ ಹೆಚ್ಚಿದಷ್ಟೂ ಏಟು ಜೋರು. ನನ್ನ ಮದುವೆಯಲ್ಲಿ, ಧಾರೆಗೆ ಮುಂಚೆ, ಸಂತೋಷ ತಡೆಯಲಾರದೆ ಕೊಟ್ಟ ಒಂದು ಏಟಿಗೆ ನನ್ನ ಬಾಸಿಂಗ ಪುರೋಹಿತರ ತಟ್ಟೆಗೆ ಹೋಗಿ ಬಿತ್ತು. ವಿಡಿಯೋ ಇಲ್ಲದ ಕಾಲ, ನನ್ನ ಪುಣ್ಯ. ಆದರೆ ಇದೇ ಚಿಕ್ಕಪ್ಪ ಗರಡಿಮನೆಯ ಮಟ್ಟಿಯೊಳಗೆ ಇಳಿದರೆ ಬೇರೆಯೇ ಮನುಷ್ಯ. ಎಂಟು ವರ್ಷದ ನನ್ನನ್ನು ಕೆಂಪು ಮಣ್ಣಿಗೆ ಇಳಿಸಿ, ನಾನು ಅವನ ತೊಡೆಗೆ ಜೋತುಬಿದ್ದರೆ, ‘ಅಯ್ಯಯ್ಯೋ, ಬಿದ್ದೆ ಕಣ್ಲಾ’ ಎಂದು ಬಾಳೆಗಿಡ ಉರುಳಿದ ಹಾಗೆ ಉರುಳುತ್ತಿದ್ದ. ನಾನು ಅವನ ಎದೆಯ ಮೇಲೆ ಕೂತು ಜೈಕಾರ ಹಾಕುತ್ತಿದ್ದೆ. ಎಷ್ಟೋ ವರ್ಷ ನಾನು ಅವನನ್ನು ನಿಜವಾಗಿಯೂ ಚಿತ್ ಮಾಡಿದ್ದೇನೆಂದೇ ನಂಬಿದ್ದೆ. ಮದುವೆ ಮನೆಯಲ್ಲಿ ಮರೆತುಹೋಗುವ ಶಕ್ತಿಯ ಲೆಕ್ಕ ಮಟ್ಟಿಯಲ್ಲಿ ಹೇಗೆ ನೆನಪಿರುತ್ತಿತ್ತೋ! ಬಹುಶಃ ಅಲ್ಲಿ ಗೋಡೆಗೊರಗಿ ಉಸ್ತಾದ್ ಕೂತಿರುತ್ತಿದ್ದದ್ದು ಕಾರಣವಿರಬೇಕು. ಮದುವೆ ಮನೆಗಳಲ್ಲಿ ಉಸ್ತಾದರಿರುವುದಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಿದ್ದೆ ಬಾರದ ನಿವೃತ್ತನಿಗೆ ಶಾಸನಗಳು ನೆನಪಾಗುತ್ತವೆ. ನನಗೆ ನೆನಪಾದದ್ದು ಆತಕೂರಿನದು. ಮಂಡ್ಯ ಸೀಮೆಯ ಆ ಊರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಾಲ ಕ್ರಿ.ಶ. 949-50. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ಮೆಚ್ಚಿ, ಏನು ಬೇಕೋ ಬೇಡು ಎಂದಾಗ ಅವನು ಬೇಡಿದ್ದು ರಾಜನ ನಾಯಿಯನ್ನು. ಅದರ ಹೆಸರು ಕಾಳಿ. ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ಇಂದಿಗೂ ಅವೆರಡೂ ಸೆಣಸುತ್ತಿವೆ. ನೋಡಿ, ಕಾಳಿ ತನಗಿಂತ ದೊಡ್ಡದರ ಮೇಲೆ ಬಿದ್ದು ಸಾವಿರ ವರ್ಷದ ಕೀರ್ತಿ ಪಡೆಯಿತು. ನಮ್ಮ ಬಸ್ಕಿ ಪಾಮೇರಿಯನ್ ಮೇಲೆ ಬಿದ್ದಿದ್ದಾನೆ. ಯಾರು ಕಲ್ಲು ನಿಲ್ಲಿಸುತ್ತಾರೆ? ಮೇಡಂ ಸಿಕ್ಕರೆ ಕಲ್ಲು ಎಸೆದಾರು.

ಆ ಶಾಸನದ ಕೊನೆಗೊಂದು ಶಾಪವಿದೆ. ಅದು ನೆನಪಾದಮೇಲಂತೂ ಎದ್ದೇ ಕೂತೆ. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಬರಲಿ ಎಂಬ ಅರ್ಥದ ಮಾತು. ನಾಯಿಗೂ ಪಾಪದ ಖಾತೆ ತೆರೆದು, ಅದರ ಬಾಕಿಯನ್ನು ನೋಡಿಕೊಳ್ಳುವವನ ಹೆಸರಿಗೆ ವರ್ಗಾಯಿಸಿದ್ದಾರೆ! ಮೂವತ್ತು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಇದಕ್ಕಿಂತ ಸ್ಪಷ್ಟವಾದ ನಮೂದು ಬೇಕಿಲ್ಲ. ನಾನು ಬೆಳಗ್ಗೆ ಚಿನ್ನುವನ್ನು ಉರುಳಿಸಿದ ನಾಯಿಯ ಜೊತೆ ಮನೆಗೆ ಬಂದು, ಮೂರು ರೊಟ್ಟಿ ಮತ್ತು ಎಣ್ಣೆಗಾಯಿ ಉಂಡಿದ್ದೆ.

ಆ ಶಾಸನದ ಗೊರವ ಶೈವ ಯತಿ. ನಮ್ಮ ಕಡೆ ಗೊರವಯ್ಯ ಎಂದರೆ ಮೈಲಾರಲಿಂಗನ ಒಕ್ಕಲು: ಕಂಬಳಿ ಅಂಗಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಬಗಲಲ್ಲಿ ಭಂಡಾರದ ಚೀಲ. ಅವರು ತಮ್ಮನ್ನು ಮೈಲಾರನ ನಾಯಿಗಳೆಂದು ಕರೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಹಿರಿಯೂರಿನ ಅಕ್ಕನ ಮನೆಯಲ್ಲಿ ದೋಣಿ ತುಂಬಿಸುವ ಸೇವೆ ನೋಡಿದ್ದೆ. ದೋಣಿಗೆ ಹಾಲು, ಬಾಳೆಹಣ್ಣು, ಬೆಲ್ಲ ಹಾಕುತ್ತಾರೆ. ಗೊರವಯ್ಯಗಳು ನಾಲ್ಕು ಕಾಲಾಗಿ ಬೊಗಳುತ್ತಾ, ಗುರ್ರೆನ್ನುತ್ತಾ, ಒಬ್ಬರನ್ನೊಬ್ಬರು ಭುಜದಿಂದ ತಳ್ಳಿ ಬಾಯಿ ಹಾಕುತ್ತಾರೆ. ನಾನು ಹೆದರಿ ಅಕ್ಕನ ಸೆರಗು ಹಿಡಿದಿದ್ದೆ. ಆಗ ಕಂಡದ್ದು ಇವತ್ತಿಗೂ ಕಣ್ಣಿನಲ್ಲಿದೆ. ಅಷ್ಟು ಆರ್ಭಟದ ನಡುವೆ ಒಬ್ಬ ಹಣ್ಣುಹಣ್ಣು ಮುದುಕ ಗೊರವಯ್ಯ ದೋಣಿಗೆ ತಲೆ ಬಗ್ಗಿಸಿದಾಗ ದಪ್ಪ ಮೀಸೆಯವನೊಬ್ಬ ಬೊಗಳುತ್ತಲೇ, ಗುರ್ರೆನ್ನುತ್ತಲೇ, ಒಂದು ಮೊಳ ಹಿಂದೆ ಸರಿದ. ಬೊಗಳುವುದರಲ್ಲಿ ಕಡಿಮೆ ಮಾಡಲಿಲ್ಲ. ಮುದುಕನ ಬಾಯಿಗೆ ಬಾಳೆಹಣ್ಣು ಸಿಕ್ಕಿತು.

ಇದನ್ನೆಲ್ಲ ಬಸ್ಕಿಗೆ ಹೇಳುವವರು ಯಾರು?

ಲೋಕ ಹೇಳಿತು, ನನಗೆ. ನಾಯಿ ವಿಷಯದಲ್ಲಿ ಸಲಹೆ ಕೊಡದ ಕನ್ನಡಿಗ ಇನ್ನೂ ಹುಟ್ಟಿಲ್ಲ. ‘ಸಲುಗೆ ಜಾಸ್ತಿ ಆಯ್ತು, ಎರಡು ಬಿಗಿಯಿರಿ’ ಎಂದರು ಒಬ್ಬರು. ‘ಮದುವೆ ಮಾಡಿ’ ಎಂದರು ಇನ್ನೊಬ್ಬರು. ಅದು ಗಂಡುಮಕ್ಕಳ ಎಲ್ಲ ಕಾಯಿಲೆಗೂ ನಮ್ಮಲ್ಲಿರುವ ಔಷಧ. ‘ಸಾಕೋದಾದ್ರೆ ಮುಧೋಳ ಸಾಕಬೇಕು ಸಾರ್, 2005ರಲ್ಲಿ ಅದರ ಅಂಚೆಚೀಟಿನೇ ಬಿಟ್ಟವ್ರೆ’ ಎಂದು ಅಭಿಮಾನದಿಂದ ಹೇಳಿದರು ಅಂಚೆ ಇಲಾಖೆಯಲ್ಲಿದ್ದವರು. ಮಗ ಫೋನಿನಲ್ಲಿ ಅಮೆರಿಕದ ಮಾರ್ಕ್ ಬೆಕಾಫ್ ಎಂಬ ವಿಜ್ಞಾನಿಯ ವಿಷಯ ಹೇಳಿದ. ಅವರು ನಾಯಿ, ತೋಳ, ಕಯೋಟಿ ಮರಿಗಳ ಆಟವನ್ನು ಚಿತ್ರೀಕರಿಸಿ, ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಿದವರು. ಮುಂಗಾಲು ಚಾಚಿ ಬಾಗುವ ಆ ನಮಸ್ಕಾರ ಆಟದ ನಡುವೆಯೂ ಬರುತ್ತದಂತೆ. ಅದರಲ್ಲೂ ಕಚ್ಚಿ ತಲೆ ಒದರುವಂಥ ಜೋರು ಪಟ್ಟಿನ ಹಿಂದೆಮುಂದೆ. ‘ಈಗ ಮಾಡಿದ್ದು, ಮುಂದೆ ಮಾಡೋದು ಆಟಕ್ಕೆ ಕಣಪ್ಪ, ತಪ್ಪು ತಿಳೀಬೇಡ’ ಎಂದು ಮತ್ತೆ ಮತ್ತೆ ಹೇಳಿಕೊಂಡ ಹಾಗೆ. ಬಸ್ಕಿಯದು ಒಂದೇ ನಮಸ್ಕಾರ. ಅದೂ ಮೂವತ್ತು ಅಡಿ ದೂರದಿಂದ. ಉತ್ತರ ಬರುವವರೆಗೆ ಅವನು ಕಾಯುವುದಿಲ್ಲ. ಚುನಾವಣೆಯಲ್ಲಿ ಕೈಮುಗಿದು ಹೋದವರ ಹಾಗೆ.

ಪಶುವೈದ್ಯರು ಕಾರಣ ಹೇಳಿದರು. ಮರಿ ಎಂಟು ವಾರವಾದರೂ ತಾಯಿ ಮತ್ತು ಒಡಹುಟ್ಟಿದವರ ಜೊತೆ ಇರಬೇಕು. ಅಣ್ಣತಮ್ಮಂದಿರ ಕಿವಿ ಜೋರಾಗಿ ಕಚ್ಚಿದರೆ ಅವು ಕುಂಯ್‌ಗುಟ್ಟಿ ಆಟ ಬಿಟ್ಟು ಹೋಗುತ್ತವೆ. ಆಟ ನಿಂತುಹೋಗುವ ದುಃಖದಿಂದಲೇ ಮರಿ ಹಲ್ಲಿನ ಹದ ಕಲಿಯುತ್ತದೆ. ನಲವತ್ತು ದಿನಕ್ಕೇ ಎತ್ತಿಕೊಂಡು ಬಂದ ನಮ್ಮವನು ಆ ಪಾಠದಲ್ಲಿ ಅರ್ಧಕ್ಕೇ ಟಿ.ಸಿ. ತೆಗೆದುಕೊಂಡವನು. ಬೈದರೆ, ಹೊಡೆದರೆ ಬರುವ ವಿದ್ಯೆ ಅಲ್ಲ ಅದು. ಚಿಕ್ಕ ನಾಯಿ ಕಂಡಾಗಲೆಲ್ಲ ಏಟು ಬಿದ್ದರೆ, ಚಿಕ್ಕ ನಾಯಿ ಎಂದರೇ ಏಟು ಎಂದು ತಿಳಿದು ಆಟದವನು ನಿಜಕ್ಕೂ ಕಚ್ಚುವವನಾದಾನು ಎಂದರು.

ಪಾಠ ಮುಂದುವರಿದದ್ದು ಹೊಸದುರ್ಗದಲ್ಲಿ. ಚಿಕ್ಕಪ್ಪ ಈಗಿಲ್ಲ. ಅವನ ತೆಂಗಿನ ತೋಟ ಇದೆ. ತೋಟ ನೋಡಿಕೊಳ್ಳುವ ಅಜ್ಜ ಇದ್ದಾನೆ, ಅಜ್ಜನ ನಾಯಿ ಕೆಂಚಿ ಇದ್ದಾಳೆ. ಹದಿನಾಲ್ಕು ಕೆಜಿ ಇರಬಹುದಾದ ಜವಾರಿ ನಾಯಿ. ಎಷ್ಟು ಸೂಲು ಕಂಡವಳೋ, ಹೊಟ್ಟೆ ಜೋತಿದೆ. ನಾನು ಕಾರಿನ ಬಾಗಿಲು ತೆಗೆದು ವಾಡಿಕೆಯಂತೆ ‘ಏನೂ ಮಾಡಲ್ಲ’ ಎಂದೆ. ಅಜ್ಜ ಬೀಡಿ ಕಿವಿಗೆ ಸಿಕ್ಕಿಸಿ, ‘ನಮ್ದು ಮಾಡ್ತತೆ’ ಎಂದ.

ಬಸ್ಕಿ ನಮಸ್ಕರಿಸಿದ, ಓಡಿದ. ಕೆಂಚಿ ಓಡಲಿಲ್ಲ. ಎದೆ ತಾಗುವ ಗಳಿಗೆಗೆ ಪಕ್ಕಕ್ಕೆ ಸರಿದಳು. ಬಸ್ಕಿ ತನ್ನ ಭಾರಕ್ಕೆ ತಾನೇ ಹೋಗಿ ತೆಂಗಿನ ಪಾತಿಯೊಳಗೆ ಬಿದ್ದ. ಎದ್ದು ಬಂದು ಅವಳ ಬೆನ್ನ ಮೇಲೆ ಪಂಜ ಇಟ್ಟ. ಕೆಂಚಿ ತುಟಿ ಎತ್ತಿದಳು, ಒಂದು ಪಕ್ಕದ್ದು ಮಾತ್ರ. ಅದು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಗಾಳಿಯಲ್ಲಿ ‘ಟಕ್’ ಎಂದು ಹಲ್ಲು ಕೂಡಿದ ಸದ್ದು. ಅವನ ಮೂಗಿನಿಂದ ಒಂದು ಅಂಗುಲ ಈಚೆ. ಕೂದಲೂ ಕೊಂಕಲಿಲ್ಲ. ಬಸ್ಕಿ ನಲವತ್ತು ದಿನದವನಾಗಿಬಿಟ್ಟ: ಕಿವಿ ಹಿಂದೆ, ಬಾಲ ಕೆಳಗೆ, ಬೆನ್ನು ನೆಲಕ್ಕೆ. ಕೆಂಚಿ ಏನೂ ನಡೆದೇ ಇಲ್ಲವೆಂಬಂತೆ ಕೂತು ಕಿವಿ ತುರಿಸಿಕೊಂಡಳು.

ನನ್ನನ್ನು ಬೆರಗಾಗಿಸಿದ್ದು ಮಧ್ಯಾಹ್ನದ ನೋಟ. ಕೆಂಚಿಯದೇ ಒಂದು ಮರಿ, ಅಂಗೈ ಅಗಲ, ಅವಳ ಮೇಲೆ ಬಂತು. ಇಷ್ಟು ಹೊತ್ತು ಬಸ್ಕಿಯನ್ನು ಹದ್ದುಬಸ್ತಿನಲ್ಲಿಟ್ಟವಳು ಅಡ್ಡ ಮಲಗಿ ಹೊಟ್ಟೆ ತೋರಿಸಿದಳು. ಮರಿ ಅವಳ ಗಂಟಲು ಹಿಡಿದು, ಇಲ್ಲದ ಶಕ್ತಿಯಿಂದ ಜಗ್ಗಿತು. ಅವಳು ಕಣ್ಣು ಮುಚ್ಚಿ ಸತ್ತಂತೆ ಬಿದ್ದಳು. ನನ್ನ ಚಿಕ್ಕಪ್ಪ ಆ ತೋಟದ ಮಣ್ಣಿನಲ್ಲೇ ಇದ್ದಾನೆ.

‘ನಮ್ಮದು ಸಣ್ಣ ನಾಯಿಗಳ ಜೊತೆ ಆಡೋದೋ, ಬಡಿಯೋದೋ ಗೊತ್ತಾಗಲ್ಲ ಅಜ್ಜ’ ಎಂದೆ. ಅಜ್ಜ ಇದು ಒಂದು ಪ್ರಶ್ನೆಯೇ ಎಂಬಂತೆ ನೋಡಿದ. ‘ನಿಮ್ದನ್ನ ಹಿಡ್ಕಳ್ಳಿ. ಸಣ್ಣದು ಏನ್ ಮಾಡ್ತತೆ ನೋಡಿ. ಓಡಿ ಹೋದ್ರೆ, ಉಳ್ಕಂಡೆ ಶಿವನೇ ಅಂತ ಅದು. ತಿರುಗಿ ಇದರತ್ರನೇ ಬಂದ್ರೆ ಆಟ.’ ಬೀಡಿ ಹಚ್ಚಿದ. ‘ನಿಮ್ದನ್ನ ಕೇಳಿದ್ರೆ ಆಟ ಅಂತಾನೇ ಅಂತತೆ.’ ಊರಿಗೆ ಬಂದು ಪಶುವೈದ್ಯರಿಗೆ ಹೇಳಿದರೆ ಅವರು ನಕ್ಕು, ನಾಯಿ ತರಬೇತಿಯವರೂ ಇದೇ ಪರೀಕ್ಷೆ ಮಾಡುತ್ತಾರೆ ಎಂದರು. ಅವರು ಅದಕ್ಕೆ ಫೀಸು ತಗೊಳ್ಳುತ್ತಾರೆ. ಅಜ್ಜ ಎರಡು ಬೀಡಿ ಕಟ್ಟು.

ಇದನ್ನು ಕೇಳಿದ ಮೇಲೆ ಬ್ಯಾಂಕಿನಲ್ಲಿ ನಾನು ಮಾಡಿದ ತಮಾಷೆಗಳೆಲ್ಲ ಸಾಲುಗಟ್ಟಿ ನೆನಪಿಗೆ ಬಂದವು. ಹೊಸದಾಗಿ ಸೇರಿದ್ದ ಒಬ್ಬ ತೆಳ್ಳನೆಯ ಹುಡುಗನಿಗೆ ‘ಫ್ಯಾನ್ ಹಾಕಬೇಡ್ರಪ್ಪ, ಹಾರಿ ಹೋದಾನು’ ಎಂದು ವರ್ಷಗಟ್ಟಲೆ ಹೇಳಿದ್ದೆ. ಎಲ್ಲರೂ ನಗುತ್ತಿದ್ದರು, ಅವನೂ. ಊಟದ ಹೊತ್ತಿಗೆ ಮಾತ್ರ ಅವನು ತನ್ನ ಡಬ್ಬಿ ಹಿಡಿದು ರೆಕಾರ್ಡ್ ರೂಮಿಗೆ ಹೋಗುತ್ತಿದ್ದ. ಅಲ್ಲಿ ತಂಪಿದೆ ಎಂದುಕೊಂಡಿದ್ದೆ. ಇರಲಿ, ನಾಯಿಯ ವಿಷಯಕ್ಕೆ ಬರೋಣ.

ಸಂತೆಪೇಟೆಯಲ್ಲಿ ಹದಿನೈದು ಮೊಳದ ಎತ್ತಿನ ಹಗ್ಗ ತಂದೆ. ‘ಎತ್ತು ಎಷ್ಟು ಹಲ್ಲಿಂದು?’ ಎಂದ ಅಂಗಡಿಯವನು. ‘ನಲವತ್ತೆರಡು’ ಎಂದೆ, ಬೆಳೆದ ನಾಯಿಗೆ ಅಷ್ಟೇ ಇರುವುದು. ಕುತ್ತಿಗೆ ಬಿಗಿಯದಂತೆ ಎದೆಪಟ್ಟಿ, ಅದಕ್ಕೆ ಈ ಹಗ್ಗ. ಆಟಕ್ಕೆ ಬಿಡುವುದು, ಅರ್ಧ ನಿಮಿಷಕ್ಕೊಮ್ಮೆ ಕರೆಯುವುದು, ಬಂದರೆ ಬಾಯಿಗೊಂದು ತಿಂಡಿ, ಉಸಿರು ಇಳಿದಮೇಲೆ ಮತ್ತೆ ಬಿಡುವುದು. ಎದೆಯಿಂದ ಗುದ್ದಿದನೋ, ಆಟ ಬಂದ್; ಬೈಗುಳವಿಲ್ಲದೆ ಹತ್ತು ಹೆಜ್ಜೆ ದೂರ ಕರೆದೊಯ್ದು ಬಂಡೆ ನೋಡುತ್ತಾ ನಿಲ್ಲಿಸುವುದು. ದುರ್ಗದಲ್ಲಿ ಬಂಡೆಗೇನು ಬರ. ತಿಂಡಿಗೆ ಬೇಯಿಸಿದ ಕೋಳಿ ಶ್ರೇಷ್ಠ ಎಂದಿದ್ದರು ಪಶುವೈದ್ಯರು. ನಮ್ಮ ಮನೆಯಲ್ಲಿ ಆ ಶಬ್ದವನ್ನೇ ಬೇಯಿಸುವಂತಿಲ್ಲ. ಕೊನೆಗೆ ಹೊಸದುರ್ಗದ ಕೊಬ್ಬರಿ ಚೂರು, ಚಳ್ಳಕೆರೆಯ ಉಪ್ಪಿಲ್ಲದ ಹುರಿದ ಶೇಂಗಾ ಸಾಕಾಯಿತು. ವಾರದಲ್ಲಿ ಶೇಂಗಾ ಜೇಬಿನ ಸದ್ದಿಗೆ ಬಸ್ಕಿಯ ಜೊತೆ ಇಬ್ಬರು ನಿವೃತ್ತ ಇಂಜಿನಿಯರುಗಳೂ ತಿರುಗಿ ನೋಡತೊಡಗಿದರು.

ಹಗ್ಗ ಕೈಗೆ ಸುತ್ತಿಕೊಳ್ಳಬಾರದು ಎಂದು ಯಾರೂ ಹೇಳಿರಲಿಲ್ಲ. ಚಂದ್ರವಳ್ಳಿಯ ದಾರಿಯಲ್ಲಿ ಅಳಿಲೊಂದು ಅದನ್ನು ಕಲಿಸಿತು. ಮಯೂರಶರ್ಮ ಕೆರೆ ಕಟ್ಟಿಸಿ ಶಾಸನ ಬರೆಸಿದ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ನೋಡಿದ ಆ ಪುಣ್ಯನೆಲದ ಪಕ್ಕದಲ್ಲಿ ನಾನೂ ಮೊಣಕೈಯಿಂದ ಒಂದೂವರೆ ಗಜ ಉತ್ಖನನ ಮಾಡಿದೆ. ಏನೂ ಸಿಗಲಿಲ್ಲ, ಕನ್ನಡಕ ಹೋಯಿತು.

ಪರೀಕ್ಷೆಗಳು ಪರ ಊರುಗಳಲ್ಲಿ. ಹಿರಿಯೂರಿನಲ್ಲಿ ಅಕ್ಕನ ಮೊಮ್ಮಗಳ ಪಗ್ ಇದೆ. ಮೊಬೈಲ್ ಕಂಪನಿಯ ಜಾಹೀರಾತು ನೋಡಿ ಊರೂರಿಗೆ ಬಂದ ಚಪ್ಪಟೆ ಮುಖದ ಸಂತಾನ. ಕೂತಲ್ಲೇ ಗೊರಕೆ. ಅಂಥವಕ್ಕೆ ಉಸಿರೇ ಸಾಲದು, ಕಣ್ಣು ಬೇರೆ ಹೊರಗೇ ಇರುತ್ತದೆ, ಒಂದು ಗುದ್ದು ಬಿದ್ದರೆ ಕಣ್ಣಿಗೇ ಕುತ್ತು. ಅಲ್ಲಿ ನಾನು ಪ್ರಯೋಗಕ್ಕೆ ಹೋಗಲಿಲ್ಲ, ಬಾಗಿಲು ಹಾಕಿದೆ. ಬದಲಿಗೆ ಬಸ್ಕಿಯನ್ನು ವಾಣಿವಿಲಾಸ ಸಾಗರದ ಹಿನ್ನೀರಿಗೆ ಕರೆದೊಯ್ದೆ. 1907ಕ್ಕೆ ಮುಗಿದ ಆ ಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಆಮೇಲೆ ಬೀಳಲು 2022ರವರೆಗೆ ಕಾಯಿಸಿತು. ನಮ್ಮ ಜಿಲ್ಲೆಯವರಿಗೆ ತಾಳ್ಮೆ ಬಂದದ್ದು ಅದರಿಂದಲೇ ಇರಬೇಕು. ಬಸ್ಕಿಯ ಪೂರ್ವಿಕರು ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆ ತಣ್ಣೀರಿನಲ್ಲಿ ಬಲೆ ಎಳೆದವರು. ಆ ಕಟ್ಟೆಯ ನೀರು ಕಂಡವನೇ ವಂಶದ ಕಸುಬು ನೆನಪಾದವನಂತೆ ಒಂದು ಗಂಟೆ ಈಜಿದ. ಆಮೇಲೆ ಪಗ್ಗಿನ ಗೊರಕೆಗೆ ಬಾಗಿಲ ಆಚೆಯಿಂದ ಇವನೂ ದನಿಗೂಡಿಸಿದ. ದಣಿದ ನಾಯಿಯೇ ಒಳ್ಳೆಯ ನಾಯಿ ಎಂದು ಅಕ್ಕ ಹೊಗಳಿದಳು. ಗಂಡಸರಿಗೂ ಅನ್ವಯಿಸುವ ದನಿಯಿತ್ತು.

ಹೊಳಲ್ಕೆರೆಯಲ್ಲಿ ಮಾನ ಹೋಯಿತು. ಅದು ಮಾವನ ಮನೆ. ಅಡಿಕೆ ಕೊಯ್ಲಿನ ಕಾಲ. ಹಿತ್ತಿಲಲ್ಲಿ ಹಂಡೆ ಕುದಿಯುತ್ತಿತ್ತು, ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ಪಕ್ಕದ ಮನೆಯ ಕಂದು ಮರಿಯೊಂದು ಬಂದು, ತಾನೇ ಬಾಗಿ, ಬಸ್ಕಿಯನ್ನು ಆಟಕ್ಕೆ ಕರೆಯಿತು. ನಾನು ಸಂಭ್ರಮದಿಂದ ಹಗ್ಗ ಬಿಟ್ಟೆ, ಸಣ್ಣದೇ ಕರೆದಿದೆಯಲ್ಲ! ಬಸ್ಕಿ ಚೆನ್ನಾಗಿಯೇ ಆಡಿದ. ಗುದ್ದಲಿಲ್ಲ, ಓಡಿದ ಅಷ್ಟೆ. ಓಡಿದ್ದು ಹರಡಿದ ಅಡಿಕೆಯ ಮೇಲೆ. ತಿರುಗಿದ್ದು ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಆರಲಿಟ್ಟಿದ್ದ ಅಗಲ ಬಾನಿಯ ಪಕ್ಕ. ಹಗ್ಗ ಬಾನಿಗೆ ಸುತ್ತಿತು. ಕ್ಷಣದಲ್ಲಿ ನನ್ನ ನಾಯಿ ಸೊಂಟದಿಂದ ಕೆಳಗೆ ಕೆಂಪು. ಚೊಗರು ತಣ್ಣಗಾಗಿತ್ತು, ಅದೊಂದು ಪುಣ್ಯ; ಅತ್ತೆ ತಣ್ಣಗಿರಲಿಲ್ಲ. ‘ಬಯಲು ಗಣಪತಿಗೆ ಹಣ್ಣುಕಾಯಿ ಮಾಡಿಸಿ, ಈ ನಾಯಿ ಬುದ್ಧಿಗೂ, ನಿಮ್ಮ ಬುದ್ಧಿಗೂ ಸೇರಿಸಿ’ ಎಂದರು. ಮಾಡಿಸಿದೆ. ಚೊಗರಿನ ಬಣ್ಣ ಸೋಪಿಗೆ ಜಗ್ಗುವುದಿಲ್ಲ. ಮೂರು ವಾರ ಜೋಗಿಮಟ್ಟಿ ರಸ್ತೆಯಲ್ಲಿ ‘ಯಾವ ಜಾತಿ ಸಾರ್ ಇದು?’ ಎಂದು ಕೇಳಿದವರಿಗೆ ಹೊಳಲ್ಕೆರೆ ತಳಿ ಎಂದೆ. ಒಬ್ಬರು ಬೆಲೆ ವಿಚಾರಿಸಿದರು.

ಆ ಕೆಂಪು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಆಗಲೇ ಮೇಡಂ ಮತ್ತೆ ವಾಕಿಂಗಿಗೆ ಬರತೊಡಗಿದರು. ನಾವು ರಸ್ತೆಯ ಒಂದು ಅಂಚು, ಅವರು ಇನ್ನೊಂದು. ಒಂದು ದಿನ ನಾನು ಇಂಜಿನಿಯರೊಬ್ಬರ ಸಕ್ಕರೆಯ ರಿಪೋರ್ಟಿನಲ್ಲಿ ಮುಳುಗಿದ್ದೆ. ಬಸ್ಕಿಯನ್ನು ಕಂಡ ಚಿನ್ನು ಎರಡು ಬಂಡೆಗಳ ನಡುವಿನ ಸಂದಿಗೆ ನುಸುಳಿದೆ. ಬಸ್ಕಿ ಹಗ್ಗದ ಉದ್ದಕ್ಕೂ ಹೋಗಿ ಆ ಸಂದಿಗೆ ತಲೆ ತೂರಿಸಿದ್ದಾನೆ. ನಮ್ಮೂರಲ್ಲಿ ಕಿಂಡಿಗೆ ತಲೆ ಹಾಕಿದರೆ ಏನಾಗುತ್ತದೆಂದು ಹೈದರಾಲಿಯ ಸೈನಿಕರನ್ನು ಕೇಳಬೇಕು. ಒಳಗಿನಿಂದ ಒಂದೇ ಒಂದು ‘ಕಚಕ್’. ಬಸ್ಕಿ ಕುಂಯ್ ಎನ್ನುತ್ತಾ ಹಿಂದುಹಿಂದಾಗಿ ಹೊರಬಂದ, ಮೂಗಿನ ಮೇಲೆ ಸಾಸಿವೆಯಷ್ಟು ರಕ್ತ. ಹಿಂದೆಯೇ ಬಾಲ ಎತ್ತಿಕೊಂಡು ಚಿನ್ನು. ‘ಓಬವ್ವ! ಓಬವ್ವ!’ ಎಂದು ವಾಕಿಂಗಿನವರೆಲ್ಲ ಚಪ್ಪಾಳೆ ತಟ್ಟಿದರು. ಆವತ್ತಿನಿಂದ ಆ ಹೆಸರೇ ನಿಂತಿತು. ಮೇಡಂ ‘ನಾಯಿಗೆಲ್ಲ ಆ ಹೆಸರಿಡಬಾರದು’ ಎಂದು ಗದರಿದರು, ಗದರುವಾಗ ಮುಖ ಅರಳಿತ್ತು.

ಮರುದಿನ ಅವರು ರಸ್ತೆ ದಾಟಿ ನಮ್ಮ ಅಂಚಿಗೇ ಬಂದರು. ಬಸ್ಕಿ ನನ್ನ ಕಾಲ ಹಿಂದೆ ಅಡಗಿದ. ‘ಏನೂ ಮಾಡಲ್ಲ, ಬನ್ನಿ’ ಎಂದರು ಮೇಡಂ. ನನಗೆ ಹೇಳಿದ್ದೋ ನಾಯಿಗೆ ಹೇಳಿದ್ದೋ ತಿಳಿಯಲಿಲ್ಲ. ಅಜ್ಜನ ಪರೀಕ್ಷೆಯ ವಿಷಯ ಹೇಳಿದೆ. ಹೆಡ್‌ಮಿಸ್ಟ್ರೆಸ್ಸಿಗೆ ಪರೀಕ್ಷೆ ಎಂದರೆ ಹುರುಪು, ಒಪ್ಪಿದರು. ನಾನು ಬಸ್ಕಿಯ ಎದೆಪಟ್ಟಿ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಉಳಿದ ಹಗ್ಗ ರಸ್ತೆಯ ಮೇಲೆ ಹಾವಿನ ಹಾಗೆ ಬಿದ್ದಿತ್ತು. ಅವರು ಚಿನ್ನುವಿನ ಬೆಲ್ಟು ಕಳಚಿ ಎರಡು ಹೆಜ್ಜೆ ಹಿಂದೆ ಸರಿದು ಗಡಿಯಾರ ನೋಡಿಕೊಂಡರು. ಚಿನ್ನು ನಮ್ಮನ್ನು ನೋಡಿತು. ಲಂಟಾನ ಪೊದೆ ಮೂಸಿತು. ಒಂದು ಇರುವೆಯನ್ನು ಬಹಳ ಹೊತ್ತು ಪರಿಶೀಲಿಸಿತು. ಬಸ್ಕಿ ಉಸಿರು ಬಿಗಿಹಿಡಿದು ಅಡ್ಡ ಮಲಗಿದ್ದ, ಕೆಂಪು ಹೊಟ್ಟೆ ಮೇಲಾಗಿ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಮಂಡಿ ನೋಯುತ್ತಿತ್ತು. ಇಂಜಿನಿಯರುಗಳು ಶೇಂಗಾ ತಿನ್ನುವುದನ್ನು ನಿಲ್ಲಿಸಿದ್ದರು.

ಚಿನ್ನು ತಿರುಗಿ ಬಂತು. ಬಸ್ಕಿಯ ಬಳಿಗಲ್ಲ, ಹಗ್ಗದ ತುದಿಯ ಬಳಿಗೆ. ಎತ್ತಿನ ಹಗ್ಗವನ್ನು ಬಾಯಲ್ಲಿ ಕಚ್ಚಿ, ಹಿಂಗಾಲು ಊರಿ, ಗುರ್ರೆನ್ನುತ್ತಾ ಜಗ್ಗಿತು. ಬಸ್ಕಿ ನಿಧಾನಕ್ಕೆ ಎದ್ದು, ಎಳೆದಷ್ಟು ಎಳೆಸಿಕೊಂಡು, ಒಂದೊಂದೇ ಹೆಜ್ಜೆ ಇಡತೊಡಗಿದ. ಎದೆಪಟ್ಟಿ ಬಿಡಲು ಮರೆತ ನಾನೂ ಕುಕ್ಕರಗಾಲಲ್ಲೇ ಹಿಂದೆ ಹೊರಟೆ.